ವೆವೆಯಲ್ಲಿ ಎರಡು ತಾಟು

ಹತ್ತಿ ವ್ಯಾಪಾರಕ್ಕೆಂದು ಜಿನೋವಾಕ್ಕೆ ಹೊರಟ ನಮ್ಮ ಪುಣೆಯ ಸಾಹುಕಾರರ ಜೊತೆ ಗುಮಾಸ್ತನಾದ ನಾನೂ ಹಡಗು ಹತ್ತಿದ್ದೆ. ಅಲ್ಲಿ ಅವರು ನಾಲ್ಕು ದಿನ ರಜೆ ಕೊಟ್ಟರು. ನನ್ನ ತಮ್ಮ ರಾಘು ಸ್ವಿಟ್ಜರ್ಲೆಂಡಿನ ವೆವೆ ಎಂಬ ಸರೋವರದ ಊರಿನಲ್ಲಿ ಯಂತ್ರದ ಕೆಲಸ ಕಲಿಯುತ್ತಿದ್ದ. ಆರು ತಿಂಗಳಿಂದ ಅವನ ಕಾಗದಗಳಲ್ಲೆಲ್ಲ ‘ಸ್ವಲ್ಪ ಜ್ವರ’ ಎಂಬ ಮಾತಿರುತ್ತಿತ್ತು. ಹೊರಡುವಾಗ ಅವ್ವ ಹೇಳಿದ್ದು ಒಂದೇ: “ಅಂವನ್ನ ಕರ್ಕೊಂಡೇ ಬಾ.” ಮರಳುವ ಹಡಗಿನಲ್ಲಿ ಅವನ ಟಿಕೀಟನ್ನೂ ತೆಗೆಸಿದ್ದೆ.

ಮಿಲಾನಿನಲ್ಲಿ ಗಾಡಿ ಬದಲಿಸಿ ಮೂರನೆಯ ತರಗತಿಯ ಕಟ್ಟಿಗೆಯ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನ ಗಾಡಿ ಸಿಂಪ್ಲಾನ್ ಸುರಂಗದೊಳಗೆ ನುಗ್ಗಿತು. ಉದ್ದ ಹನ್ನೆರಡು ಮೈಲಿ. ಖಂಡಾಳೆ ಘಟ್ಟದ ಸುರಂಗಗಳನ್ನು ಎಣಿಸುತ್ತ ಬೆಳೆದ ನನಗೂ ಈ ಕತ್ತಲೆ ಮುಗಿಯದೆನಿಸಿತು. ತಮ್ಮನಿಗೆ ಕ್ಷಯವಾಗಿದ್ದರೆ? ಹಡಗಿನ ಡಾಕ್ಟರು ಹತ್ತಿಸಿಕೊಳ್ಳದಿದ್ದರೆ? ಬೆಳಕಿಗೆ ಬಂದಾಗ ಕಣಿವೆಯ ಇಳಿಜಾರಿನಲ್ಲೆಲ್ಲ ಕಲ್ಲಿನ ಒಡ್ಡು ಕಟ್ಟಿ ಬೆಳೆಸಿದ ದ್ರಾಕ್ಷಿ. ಎದುರು ಕೂತಿದ್ದ ರೈತನೊಬ್ಬ ಬುಟ್ಟಿಯಿಂದ ಒಂದು ಗೊಂಚಲು ಕೊಟ್ಟ. ಸಿಹಿಯಾಗಿತ್ತು, ಆದರೆ ಎರಡೇ ಹಣ್ಣು ತಿಂದು ಉಳಿದದ್ದನ್ನು ಮಡಿಲಲ್ಲಿ ಇಟ್ಟುಕೊಂಡೆ. ಮುಂದೆ ಬಹಳ ಹೊತ್ತಿನ ಮೇಲೆ ಸರೋವರ ಕಂಡಿತು.

ನಿಲ್ದಾಣದಲ್ಲಿ ರಾಘು ನಗುತ್ತ ನಿಂತಿದ್ದ. ಮೈ ಬಡವಾಗಿದ್ದರೂ ಕೆನ್ನೆ ಕೆಂಪಗಿದ್ದವು. ಹೋದ ಜೀವ ಬಂದಂತಾಯಿತು.

ಸಂಜೆ ಅವನ ಕೋಣೆಯಲ್ಲಿ ಅವ್ವನ ಶೇಂಗಾ ಚಟ್ನಿ ಹಾಕಿ ಅವಲಕ್ಕಿ ಕಲಸಿದೆ. ನಾವಿಬ್ಬರೂ ಒಂದೇ ತಾಟಿನಲ್ಲಿ ತಿಂದು ಬೆಳೆದವರು. ರಾಘು ಇನ್ನೊಂದು ತಾಟು ತಂದ.

“ಬ್ಯಾಡಣ್ಣಾ. ನಾ ಇಲ್ಲಿ ತತ್ತಿ ತಿಂದೀನಿ. ನನ್ನ ತಾಟು ಮುಟ್ಟಬ್ಯಾಡ, ಮೈಲಿಗಿ ಆಗ್ತದ.”

ಸಂಧ್ಯಾವಂದನೆ ಬಿಡದ ನನಗೆ ಸಿಟ್ಟು ಬಂತು. ಒಳಗೊಳಗೆ ಸಮಾಧಾನವೂ ಆಯಿತು, ತತ್ತಿಗೆ ಪ್ರಾಯಶ್ಚಿತ್ತವಿದೆಯಲ್ಲ! “ಪುಣೆಗೆ ಬಾ, ಪಂಚಗವ್ಯ ತಗೊಂಡ್ರ ಮುಗೀತು” ಎಂದೆ. ಅವನು ಜೋರಾಗಿ ನಕ್ಕ. ನಗು ಕೆಮ್ಮಾಯಿತು.

ಮರುದಿನ ಮುಂಜಾನೆ ಕೆಳಗಿನ ಅಡುಗೆಮನೆಯಲ್ಲಿ ಮನೆಯೊಡತಿ ಅವನ ರಾತ್ರಿಯ ತಾಟು, ಲೋಟಗಳನ್ನು ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದಳು. ಯಾಕೆಂದು ಕೇಳಿದೆ.

“ಡಾಕ್ಟರರ ಅಪ್ಪಣೆ,” ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದಳು. “ಬರುವ ವಾರ ಬೆಟ್ಟದ ಮೇಲಿನ ಕ್ಷಯದ ಆಸ್ಪತ್ರೆಗೆ ಹೋಗುತ್ತಾನೆ. ನಿಮಗೆ ಹೇಳಲಿಲ್ಲವೇ?”

ಮೆಟ್ಟಿಲು ಹತ್ತಿ ಮೇಲೆ ಹೋದೆ. ರಾಘು ಮತ್ತೊಂದು ತಾಟಿನಲ್ಲಿ ರಾತ್ರಿ ಉಳಿದ ಅವಲಕ್ಕಿ ತಿನ್ನುತ್ತಿದ್ದ.

“ತತ್ತಿ ಸುಳ್ಳೇನೋ?”

“ಎಂದೂ ಮುಟ್ಟಿಲ್ಲಣ್ಣಾ. ಖರೇ ಹೇಳಿದ್ರ ನೀ ಹಟಾ ಹಿಡದು ನನ್ನ ತಾಟಿನ್ಯಾಗ ಉಣ್ತಿದ್ದಿ. ಮೈಲಿಗಿ ಅಂದ್ರ ಕೈ ಹಿಂದ ತಗೀತಿ ಅಂತ ಗೊತ್ತಿತ್ತು.”

ಈಗ ಖರೇ ಗೊತ್ತಾಗಿತ್ತು. ಕೈ ಚಾಚಬೇಕೆಂದುಕೊಂಡೆ. ಹೆದರಿಕೆಗೆ ಬೆರಳು ಏಳಲಿಲ್ಲ. ರಾಘು ನನ್ನ ಕೈಯನ್ನೇ ನೋಡಿದ. ತಾಟನ್ನು ತನ್ನ ಕಡೆಗೆ ಎಳೆದುಕೊಂಡು, “ಛಲೋ ಆತು ಬಿಡು” ಎಂದ.

ಮಾರನೆಯ ದಿನ ಒಬ್ಬನೇ ಗಾಡಿ ಹತ್ತಿದೆ. ಬೀಳ್ಕೊಡಲು ಬಂದ ರಾಘು ಹತ್ತು ಮಾರು ದೂರವೇ ನಿಂತ. ಗಾಡಿ ಹೊರಡಲು ಇನ್ನೂ ಹೊತ್ತಿತ್ತು. ಹತ್ತಿರ ಬಾ ಎಂದು ನಾನು ಕರೆಯಲಿಲ್ಲ.