ಅಪ್ಪನ ಲಿವರಿನ ಮೇಲೆ ಊರ ಗುಮಾನಿ

ಶಿಗ್ಗಾಂವಿಯ ಡಾಕ್ಟರು ಸ್ಕ್ಯಾನ್ ನೋಡಿ, ಅಪ್ಪನ ಲಿವರ್ ಗಟ್ಟಿಯಾಗತೊಡಗಿದೆ, ಇದಕ್ಕೆ ಸಿರೋಸಿಸ್ ಅನ್ನುತ್ತಾರೆ ಎಂದರು. ಮುಂದೇನು ಎಂದು ನಾನು ಕೇಳಿದೆ. ಅಪ್ಪ ಮಾತ್ರ, ಹೊರಗೆ ಕುಳಿತ ನಮ್ಮೂರವರಿಗೆ ಕೇಳಿಸಿತೇನೋ ಎಂದು ಬಾಗಿಲ ಕಡೆ ನೋಡಿದ.

ನಮ್ಮೂರು ಹತ್ತಿಮತ್ತೂರಿನ ಸಾರಾಯಿ ಅಂಗಡಿ ಎತ್ತಿಸಲು ಧರಣಿ ಕುಳಿತವನು ಅಪ್ಪ. ಜೀವಮಾನದಲ್ಲಿ ಒಂದು ಗುಟುಕು ಕುಡಿದವನಲ್ಲ. ಇದು ಹೆಪಟೈಟಿಸ್ ಬಿ ವೈರಸ್, ಹುಟ್ಟುವಾಗ ತಾಯಿಯಿಂದಲೇ ಬಂದಿರಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ದಿನಾ ಒಂದು ಗುಳಿಗೆ ನುಂಗಬೇಕು. ಬಿಟ್ಟರೆ ಕ್ಯಾನ್ಸರಿಗೆ ತಿರುಗುವ ಭಯ ಹೆಚ್ಚು. ಮನೆಯವರು, ಒಡಹುಟ್ಟಿದವರು ಎಲ್ಲರೂ ರಕ್ತ ತಪಾಸಣೆ ಮಾಡಿಸಬೇಕು.

ಊರಿಗೆ ತಲುಪಿದ್ದು ಲಿವರ್ ಎಂಬ ಒಂದೇ ಶಬ್ದ. ನೋಡಲು ಬಂದವರು ಚಹಾ ಕುಡಿಯುತ್ತ ಮಂಚದ ಕೆಳಗೆ ಕಣ್ಣಾಡಿಸಿದರು. ಅಂದು ಅಂಗಡಿ ಕಳೆದುಕೊಂಡವನೂ ಮೋಸಂಬಿ ತಂದ. ಅಪ್ಪನ ಪಕ್ಕ ಕುಳಿತು ಮೆಲ್ಲಗೆ ಕೇಳಿದ:

"ನಮ್ಮ ಅಂಗಡಿ ಬಂದ್ ಮಾಡಿಸಿ ನೀವು ಎಲ್ಲಿ ತಗೋತಿದ್ರಿ ಅಣ್ಣಾರ? ಸವಣೂರಿಗೆ ಹೋಗ್ತಿದ್ರೇನ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯ ಗಿರಾಕಿ ಕೈತಪ್ಪಿದ ನೋವಿತ್ತು.

ಮರುದಿನದಿಂದ ಅಪ್ಪ ಗುಳಿಗೆ ಮುಟ್ಟಲಿಲ್ಲ. ನುಂಗಿದರೆ ಊರವರ ಮಾತು ಒಪ್ಪಿಕೊಂಡಂತೆ ಎಂಬುದು ಅವನ ವಾದ. ಅವ್ವ ಬೈದಳು, ಅತ್ತಳು. ಅಪ್ಪ ಕುಡಿಯುವವನಲ್ಲ ಎಂದು ಬರೆದು ಕೊಡಿ ಎಂದು ನಾನು ಡಾಕ್ಟರನ್ನು ಬೇಡಿದೆ. ಮೊದಲು ನಿಮ್ಮೆಲ್ಲರ ತಪಾಸಣೆ ಮಾಡಿಸಿ ಎಂದಷ್ಟೇ ಹೇಳಿ ಕಳಿಸಿದರು.

ತಪಾಸಣೆಯಲ್ಲಿ ನಾನೂ ಅವ್ವನೂ ಪಾರಾದೆವು. ನಮಗೆ ಲಸಿಕೆ ಚುಚ್ಚಿದರು. ಹಿರೇಕೆರೂರಿನಲ್ಲಿದ್ದ ಅತ್ತಿ, ಅಪ್ಪನ ಅಕ್ಕ, ಪಾರಾಗಲಿಲ್ಲ. ಲಿವರ್ ಇನ್ನೂ ಚೆನ್ನಾಗಿತ್ತು, ಆದರೆ ಆರು ತಿಂಗಳಿಗೊಮ್ಮೆ ತೋರಿಸಬೇಕು. ಅತ್ತಿ ಚಹಾವನ್ನೂ ಚಟವೆಂದು ಬಿಟ್ಟವಳು. ಸುದ್ದಿ ಕೇಳಿ ಅಪ್ಪನ ಮುಖ ಅರಳಿತು. ನಾನು ಹತ್ತಿರದಿಂದ ನೋಡಿದ್ದೇನೆ, ಅರಳಿತು: ಅವಳನ್ನು ಕುಡುಕಿ ಎನ್ನುವ ಧೈರ್ಯ ಯಾರಿಗಿದೆ? ಆಮೇಲೆ, ಅಕ್ಕನಿಗೂ ಇದೇ ರೋಗ ಎಂಬುದು ಹೊಳೆದು, ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಅತ್ತಿ ಬಸ್ಸಿಳಿದು ಬಂದವಳೇ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಳು. ಮಂದಿ ಸೇರಿತು. ತನಗೂ ಅದೇ ರೋಗ ಎಂದು ದೊಡ್ಡ ದನಿಯಲ್ಲಿ ಹೇಳಿ ಒಬ್ಬೊಬ್ಬರ ಮುಖ ನೋಡಿದಳು. ಅಂಗಡಿಯವನು ಎಲ್ಲರಿಗಿಂತ ಮೊದಲು ಎದ್ದು ಹೋದ. ಅತ್ತಿ ಅಪ್ಪನ ಕಡೆ ತಿರುಗಿದಳು:

"ತಮ್ಮಾ, ಗುಳಿಗಿ ತಗೊಂಡ್ ಬಾ. ಮಂದಿ ಮುಂದನ ನುಂಗು. ನಮ್ಮವ್ವ ಇಬ್ಬರಿಗೂ ಸಮ ಹಂಚ್ಯಾಳ. ನನಗಿಂತ ಮುಂಚೆ ನೀ ಹೋಗೂದು ಬ್ಯಾಡ."

ಅಪ್ಪ ನುಂಗಿದ. ಅವಸರಕ್ಕೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅತ್ತಿ ಬೆನ್ನಿಗೆ ಎರಡು ಗುದ್ದಿ ಇಳಿಸಿದಳು.