ಆ ಮನೆಯ ಕಸೂತಿ ಬಟ್ಟೆ

ಕದ್ದವನು ನಾನು. ಒಂದು ಕಸೂತಿ ಬಟ್ಟೆ ಕದ್ದೆ. ಅದನ್ನು ಮುಚ್ಚಿಡಲು ಒಂದು ಸುಳ್ಳು ಹೇಳಿದೆ. ಕದ್ದದ್ದಕ್ಕಿಂತ ಆ ಸುಳ್ಳೇ — ಇಷ್ಟು ವರ್ಷವಾದರೂ —

ಅರವತ್ತೈದರ ಯುದ್ಧ. ಗಡಿಯಾಚೆಯ ಒಂದು ಹಳ್ಳಿ ನಮ್ಮ ಕೈಗೆ ಬಂದಿತ್ತು. ಜನ ಎರಡು ದಿನ ಮೊದಲೇ ಊರು ಬಿಟ್ಟಿದ್ದರು. ನಮ್ಮ ಹವಾಲ್ದಾರರು ತಾಳಿಕೋಟೆಯವರು. ಬೆಳಿಗ್ಗೆಯೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದ್ದರು:

"ವೈರಿ ಬಂದೂಕು ಸಿಕ್ರ ಅದು ಸರ್ಕಾರದ್ದು. ಮನಿ ಸಾಮಾನು ಮನಿಯವರದು. ಒಂದ್ ಚಮಚಾ ಮುಟ್ಟಿದ್ರೂ ಜೇಲಿಗೆ ಹೊಕ್ಕೀರಿ."

ಊರಂಚಿನ ಮನೆಯೊಂದು ನಮ್ಮ ಗುಂಡಿನ ದಾರಿಗೆ ಅಡ್ಡವಿತ್ತು. ಮಧ್ಯಾಹ್ನ ಅದನ್ನು ಮದ್ದಿಟ್ಟು ಕೆಡವಬೇಕಾಗಿತ್ತು. ಒಳಗೆ ಯಾರಾದರೂ ಉಳಿದಿದ್ದಾರೋ ನೋಡಿ ಬರಲು ನನ್ನನ್ನು ಕಳಿಸಿದರು.

ಒಲೆಯ ಬೂದಿ ಮುಟ್ಟಿದೆ. ಬೆಚ್ಚಗಿತ್ತು. ಎರಡು ದಿನದಿಂದ ಖಾಲಿ ಬಿದ್ದ ಮನೆಯಲ್ಲಿ — ಬೆಚ್ಚಗೆ.

ಮಂಚದ ಮೇಲೆ ಕೆಂಪು ಬಟ್ಟೆ, ಅದರ ತುಂಬ ಹಳದಿ ರೇಷ್ಮೆಯ ಹೂಗಳು. ಅಂಥ ಕೈಕೆಲಸ ನಾನು ಕಂಡೇ ಇರಲಿಲ್ಲ. ಕೊನೆಯ ಹೂವು ಅರ್ಧಕ್ಕೆ ನಿಂತಿತ್ತು. ಸೂಜಿ ಅದರಲ್ಲೇ ಇತ್ತು. ನಮ್ಮೂರು ಹೊರ್ತಿಯಲ್ಲಿದ್ದ ನನ್ನ ಹೆಂಡತಿ ನೀಲವ್ವ ನೆನಪಾದಳು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಬಟ್ಟೆಯನ್ನು ಸುತ್ತಿ ಅಂಗಿಯೊಳಗೆ ತುರುಕಿದೆ.

ಆಗ, ಕಾಳು ತುಂಬುವ ಮಣ್ಣಿನ ಕಣಜದ ಹಿಂದೆ, ಉಸಿರಾಟ ಕೇಳಿಸಿತು. ನಾನು ಉಸಿರು ಹಿಡಿದೆ. ಅದೂ ನಿಂತಿತು.

ಹವಾಲ್ದಾರರು ಹೊರಗಿನಿಂದ ಕೂಗಿದರು: "ಒಳಗ ಯಾರರ ಅದಾರೇನೋ?"

ಇದ್ದಾರೆ ಎಂದಿದ್ದರೆ ಅವರು ಒಳಗೆ ಬರುತ್ತಿದ್ದರು. ಉಬ್ಬಿದ ನನ್ನ ಅಂಗಿ ನೋಡುತ್ತಿದ್ದರು.

"ಯಾರೂ ಇಲ್ರಿ."

ಮನೆ ಬಿತ್ತು. ಧೂಳು ಇಳಿಯುವವರೆಗೂ ಅತ್ತಲೇ ನೋಡುತ್ತ ನಿಂತೆ. ಕೂಗು ಕೇಳಿಸಲಿಲ್ಲ. ಹಿತ್ತಿಲ ಬಾಗಿಲೇನಾದರೂ ಇತ್ತೋ — ನಾನು ನೋಡಿರಲಿಲ್ಲ. ಮಣ್ಣು ಸರಿಸಿ ಹುಡುಕೋಣ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ.

ರಜೆಗೆ ಬಂದಾಗ ಬಟ್ಟೆಯನ್ನು ನೀಲವ್ವನ ಮುಂದೆ ಹರಡಿ, ಪೇಟೆಯಲ್ಲಿ ಕೊಂಡೆ ಎಂದೆ. ಅವಳು ಸೂಜಿಯ ಹತ್ತಿರ ಬೆರಳು ನಿಲ್ಲಿಸಿದಳು.

"ಅಂಗಡ್ಯಾಗ ಸೂಜಿ ಬಿಟ್ಟು ಯಾರ್ ಮಾರ್ತಾರ್ರಿ? ಈ ಕಸೂತಿ ಹಾಕಾಕಿ ಈಗರ ಎದ್ದು ಒಳಗ ಹೋದಂಗೈತಿ."

ಅವಳು ಅದನ್ನು ಉಡಲಿಲ್ಲ, ಹೊದೆಯಲಿಲ್ಲ. ಮಡಚಿ ಟ್ರಂಕಿನಲ್ಲಿಟ್ಟಳು.

ಹಾಡಹಗಲಿನಲ್ಲಿ, ಹೊಲದಲ್ಲಿ ಒಬ್ಬನೇ ಇದ್ದಾಗ, ಈಗಲೂ ಒಮ್ಮೊಮ್ಮೆ ಉಸಿರು ಹಿಡಿದು ನಿಲ್ಲುತ್ತೇನೆ. ಹತ್ತಿರದಲ್ಲಿ ಏನೋ ಒಂದು, ಅದೇ ಕ್ಷಣಕ್ಕೆ, ನಿಲ್ಲುತ್ತದೆ.

ಮೊನ್ನೆ ನೀಲವ್ವನಿಗೆ ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ಉಸರು ದೊಡ್ಡವರದಿತ್ತೋ, ಸಣ್ಣವರದೋ?"

"ಗೊತ್ತಾಗ್ಲಿಲ್ಲ," ಎಂದೆ.

ಗೊತ್ತಾಗಿತ್ತು. ಸಣ್ಣ ಕೂಸಿನದು.

ಅವಳಿಗೆ ಓದಲು ಬರುವುದಿಲ್ಲ. ಈ ಹಾಳೆ ಹಿಡಿದು ಅವಳೆದುರು ಕೂತು, ಒಂದು ಸಾಲೂ ಬಿಡದೆ, ನಾನೇ ಓದಿ ಹೇಳಬೇಕು.