ಭಾವನೆ ಮೇಡಂ
ತುರುವನೂರಿನ ಶಾಲೆಗೆ ಸರ್ವೆಗೆಂದು ಹೋದ ನೇತ್ರಾವತಿ ಮೇಡಂ ಮೊದಲ ದಿನವೇ ಮುಗ್ಗರಿಸಿದರು. "ನಿಮ್ಮಕ್ಕನ ಬಗ್ಗೆ ಭಾವನೆ ಹೆಂಗೈತಮ್ಮ?" ಎಂದು ಕೇಳಿದರೆ ಮೂರನೇ ಕ್ಲಾಸಿನ ಹುಡುಗಿ, "ಭಾವನೇ ಇಲ್ರಿ, ಅಕ್ಕಂಗಿನ್ನೂ ಮದ್ವೆ ಆಗಿಲ್ಲ" ಅಂದಳು. ಮಕ್ಕಳ ಜೊತೆ ಮೇಷ್ಟ್ರೂ ನಕ್ಕರು. ಅಂದಿನಿಂದ ಎಲ್ಲರ ಬಾಯಲ್ಲೂ ಅವರು 'ಭಾವನೆ ಮೇಡಂ'. ಮಕ್ಕಳಿಗೆ ಅಣ್ಣತಮ್ಮ, ಅಕ್ಕತಂಗಿಯರ ಮೇಲೆ ಎಷ್ಟು ಸಿಟ್ಟು, ಎಷ್ಟು ಪ್ರೀತಿ ಎಂದು ಒಂದರಿಂದ ಐದರವರೆಗೆ ಅಂಕ ಹಾಕುವ ಸರ್ವೆ ಅವರದು. ಒಟ್ಟಿನಲ್ಲಿ ಅಳುವವರನ್ನು ಅಳೆಯುವವರು. ಕೆನ್ನೆಗೆ ಕಣ್ಣೀರಿಳಿದರೆ ನಾಲ್ಕು, ಮೂಗೂ ಸೋರಿದರೆ ಐದು. ಮನೆಯಲ್ಲಿ ಗಂಡ ಮುನಿಸಿಕೊಂಡರೂ, "ಇವತ್ತು ನಿಮ್ಮ ಸಿಟ್ಟು ಬರೀ ಎರಡು ಕಣ್ರಿ" ಎನ್ನುತ್ತಾ ಉಪ್ಪಿಟ್ಟು ಬಡಿಸುತ್ತಾರೆ. ಹೊಳಲ್ಕೆರೆ, ಹೊಸದುರ್ಗದ ಶಾಲೆಗಳೆಲ್ಲ ಮುಗಿಯುತ್ತಾ ಬಂದರೂ ಹಿರಿಯೂರು ಮಾತ್ರ ವಾರವಾರವೂ ಮುಂದಕ್ಕೆ ಹೋಗುತ್ತದೆ. ಅಲ್ಲಿ, ಹನ್ನೊಂದು ವರ್ಷದಿಂದ ಮೇಡಂ ಜೊತೆ ಮಾತುಕತೆ ಇಲ್ಲದ ಸ್ವಂತ ಅಕ್ಕ ಹಾಸಿಗೆ ಹಿಡಿದಿದ್ದಾಳೆ. ಒಂದ್ಸಲ ಬಂದು ಹೋಗು ಎಂದು ಹೇಳಿ ಕಳಿಸಿದ್ದಾಳೆ. ಮೊನ್ನೆ ಬಿ.ದುರ್ಗದಲ್ಲಿ, ತಂಗಿಯನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಹುಡುಗಿಯೊಬ್ಬಳು, "ಮೇಡಮ್ಮಾರೇ, ನಿಮ್ಗೆ ನಿಮ್ಮಕ್ಕನ ಮ್ಯಾಲೆ ಎಷ್ಟು ಪ್ರೀತಿ ಐತ್ರೀ?" ಎಂದು ಕೇಳಿಯೇಬಿಟ್ಟಳು. ಮೇಡಂ ಫಾರಂ ಹಿಂದೆ ಮುಂದೆ ತಿರುವಿ ಹಾಕಿ, ಪೆನ್ನಿನ ಕ್ಯಾಪು ಮುಚ್ಚಿದರು. "ಇದ್ರಾಗೆ ದೊಡ್ಡೋರಿಗೆ ಕಾಲಂ ಇಲ್ಲ ಕಣಮ್ಮ."